ಅರವತ್ತರ ಗೆರೆ

ದಿನಕ್ಕೆ ಮೂರು ನಾಲ್ಕು ಸಲ ನೀರು ಮುಟ್ಟುತ್ತಿದ್ದ ಕಾಲದಲ್ಲಿ ಈಳಿಗೆಮಣೆಯ ಅಲಗು ತುಕ್ಕು ಹಿಡಿಯಲಿಲ್ಲ. ಹುಣಸೆ ತಾಗಿತು, ಉಪ್ಪು ತಾಗಿತು, ಮಾವಿನಕಾಯಿಯ ಸೊನೆ ತಾಗಿತು, ಬಾಳೆಹೂವಿನ ಕರೆ ತಾಗಿತು; ಆದರೂ ಎರಡು ತಲೆಮಾರು ತಡೆಯಿತು. ಆಮೇಲೆ ನೆಲದ ಅಡುಗೆ ಕಟ್ಟೆಯ ಮೇಲೇರಿತು, ಸ್ಟೀಲ್ ಚಾಕು ಬಂತು. ಅಜ್ಜಿಯ ನೆನಪಿಗೆ ಇರಲಿ ಎಂದು ಅದನ್ನು ಚೆನ್ನಾಗಿ ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟದ್ದಾಯಿತು. ನಾಲ್ಕೈದು ಮಳೆಗಾಲ ಕಳೆದು ತೆಗೆದು ನೋಡಿದರೆ ಅಲಗಿನ ಬುಡ ಪದರು ಪದರಾಗಿ ಉದುರುತ್ತಿದೆ, ಮಣೆ ಸೀಳಿದೆ. ಎಷ್ಟೋ ಮನೆಗಳಲ್ಲಿ ಹೀಗಾಗಿದೆ. ದುಡಿಯುವಾಗ ಬಾಳಿದ ವಸ್ತು ಜೋಪಾನ ಮಾಡಿದಾಗ ಯಾಕೆ ಹಾಳಾಗಬೇಕು?

ಈ ಪ್ರಶ್ನೆಗೆ ಉತ್ತರ ಒಬ್ಬರಿಗೆ ಒಂದು ದಿನ ಹೊಳೆದದ್ದಲ್ಲ. ಲಂಡನ್ನಿನ ಒಂದು ಸುರಂಗದಲ್ಲಿ ಒಂದಿಷ್ಟು ಸಿಕ್ಕಿತು, ಕೇಂಬ್ರಿಡ್ಜಿನಲ್ಲಿ ಕಬ್ಬಿಣದ ಮೇಲಿಟ್ಟ ಒಂದು ಹನಿ ನೀರಿನಲ್ಲಿ ಇನ್ನೊಂದಿಷ್ಟು, ಚಿಪ್ಪು ಸಂಗ್ರಹಿಸುವವರ ಮರದ ಬೀರುವಿನಲ್ಲಿ ಮತ್ತಷ್ಟು. ಅವರ ಮುಂದಿದ್ದದ್ದು ಈಳಿಗೆಮಣೆಯಲ್ಲ, ಬೇರೆಯೇ ವಸ್ತುಗಳು. ಆದರೂ ಅವರು ಕಂಡುಕೊಂಡದ್ದು ನಮ್ಮ ಅಟ್ಟಕ್ಕೂ ಟ್ರಂಕಿಗೂ ನೇರವಾಗಿ ಅನ್ವಯಿಸುತ್ತದೆ. ಆ ಎಳೆಗಳನ್ನು ಒಟ್ಟಿಗೆ ಹಿಡಿದು ನೋಡುವುದು ಈ ಬರಹದ ಆಸೆ.

ಮೊದಲು ವಸ್ತುವನ್ನೇ ನೋಡೋಣ. ಹಲಸಿನದೋ ತೇಗದ್ದೋ ದಪ್ಪ ಮಣೆ. ಅದರ ಒಂದು ತುದಿಯಲ್ಲಿ ಕೊರೆದ ತೂತು. ಆ ತೂತಿಗೆ ಇಳಿಸಿ, ಬೆಣೆ ಬಡಿದು ನಿಲ್ಲಿಸಿದ ಬಾಗಿದ ಅಲಗು. ಅಲಗಿನ ನೆತ್ತಿಯಲ್ಲಿ ಕಾಯಿ ತುರಿಯುವ ಹಲ್ಲು. ಕರಾವಳಿಯ ಮನೆಗಳಲ್ಲಿ ಇದು ಮೆಟ್ಟುಕತ್ತಿ, ಮರಾಠಿಗರಲ್ಲಿ ವಿಳಿ, ಬಂಗಾಳದಲ್ಲಿ ಬೊಟಿ. ಪುಣೆಯ ದಿನಕರ ಕೇಳ್ಕರ್ ಅವರು ಸುಮಾರು 1920ರಿಂದ ಊರೂರು ಸುತ್ತಿ ಕೂಡಿಹಾಕಿದ ವಸ್ತುಗಳಲ್ಲಿ ಅಡುಗೆಮನೆಯ ಸಲಕರಣೆಗಳಿಗೆ ದೊಡ್ಡ ಪಾಲಿದೆ. ಅವರು ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಿದವರಿಗೆ ಒಬ್ಬ ಕಮ್ಮಾರ, ಒಬ್ಬ ಬಡಗಿ ಸೇರಿದರೆ ಎಷ್ಟು ಬಗೆ ಸಾಧ್ಯ ಎಂಬುದು ಅರ್ಥವಾಗುತ್ತದೆ. ರಾಮನಗರದ ಜಾನಪದ ಲೋಕದಲ್ಲೂ ನಮ್ಮ ಮನೆಗಳ ಇಂಥ ಸಲಕರಣೆಗಳು ಕಾಣಸಿಗುತ್ತವೆ.

ಕಷ್ಟ ಇರುವುದು ಈ ಕೂಡಿಕೆಯಲ್ಲೇ. ಕಬ್ಬಿಣಕ್ಕೆ ಒಣ ಗಾಳಿ ಹಿತ. ಮರ ತೀರ ಒಣಗಿದರೆ ಸೀಳುತ್ತದೆ. ಮಳೆಗಾಲದಲ್ಲಿ ಮರ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಬ್ಬಿಣ ತೇವಕ್ಕೆ ಹಿಗ್ಗದು. ಹಾಗಾಗಿ ಆಷಾಢದಲ್ಲಿ ಬಿಗಿಯಾಗಿ ನಿಂತ ಅಲಗು ಚೈತ್ರದಲ್ಲಿ ಅಲ್ಲಾಡುತ್ತದೆ. ಬಳಸುವ ಮನೆಯಲ್ಲಿ ಇದು ದೊಡ್ಡ ಸಂಗತಿಯಲ್ಲ: ಬೆಣೆಗೆ ಎರಡು ಏಟು ಕೊಟ್ಟರೆ ಮುಗಿಯಿತು. ಕಟ್ಟಿ ಇಟ್ಟ ವಸ್ತುವಿಗೆ ಆ ಎರಡು ಏಟು ಕೊಡುವವರಿಲ್ಲ.

ಈಗ ಲಂಡನ್ನಿಗೆ ಹೋಗೋಣ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918. ಆಕಾಶದಿಂದ ಬೀಳುವ ಬಾಂಬುಗಳಿಗೆ ಅಂಜಿ ಬ್ರಿಟಿಷ್ ಮ್ಯೂಸಿಯಂನವರು ಎತ್ತಿ ಸಾಗಿಸಬಹುದಾದ ಪ್ರಾಚೀನ ವಸ್ತುಗಳನ್ನು ಹೋಬರ್ನ್ ಬಳಿ ಅಂಚೆ ಇಲಾಖೆ ಹೊಸದಾಗಿ ಕೊರೆಸಿದ್ದ ರೈಲು ಸುರಂಗಕ್ಕೆ ಇಳಿಸಿದರು. ಬಾಂಬಿನಿಂದ ರಕ್ಷಣೆಯೇನೋ ಸಿಕ್ಕಿತು. ಯುದ್ಧ ಮುಗಿದು ಪೆಟ್ಟಿಗೆ ಬಿಚ್ಚಿದಾಗ ಕಬ್ಬಿಣದ ವಸ್ತುಗಳ ಮೇಲೆ ಹೊಸ ತುಕ್ಕು, ಕಂಚಿನ ಮೇಲೆ ಹಸಿರು ಪುಡಿ, ಕಲ್ಲು ಮತ್ತು ಮಣ್ಣಿನ ವಸ್ತುಗಳ ಮೈಮೇಲೆ ಉಪ್ಪಿನ ಹೂವು, ಕೆಲವಕ್ಕೆ ಬೂಷ್ಟು. ನೂರಾರು ವರ್ಷ ಹೇಗೋ ಉಳಿದು ಬಂದವು ಸುರಂಗದ ಕೆಲವೇ ತಿಂಗಳಲ್ಲಿ ಕೆಟ್ಟಿದ್ದವು.

ಆ ಕೇಡಿನ ಕಾರಣ ಹುಡುಕಲು ಕರೆಸಿದ್ದು ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಶಾಸ್ತ್ರಜ್ಞರನ್ನು. 1920ರಲ್ಲಿ ಅವರ ಕೈಕೆಳಗೆ ಒಂದು ಪುಟ್ಟ ಪ್ರಯೋಗಾಲಯ ಶುರುವಾಯಿತು. ಕೆಲವೇ ವರ್ಷಗಳ ಮಟ್ಟಿಗೆಂದು ಹುಟ್ಟಿದ ಅದು ಮುಂದೆ ಖಾಯಂ ಆಯಿತು. 1924ರಲ್ಲಿ ಬಂದು ಸೇರಿದ ಹೆರಾಲ್ಡ್ ಪ್ಲೆಂಡರ್‌ಲೀತ್ ಅಲ್ಲೇ ಕೆಲಸ ಕಲಿತು, ವಸ್ತು ಸಂರಕ್ಷಣೆಯ ವಿದ್ಯೆಗೆ ಜಗತ್ತೇ ಕೈಗೆತ್ತಿಕೊಂಡ ಕೈಪಿಡಿಯನ್ನು 1956ರಲ್ಲಿ ಬರೆದರು. ನಮ್ಮ ದೇಶವೂ ಹಿಂದೆ ಉಳಿದಿರಲಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆ 1917ರಲ್ಲೇ ಮೊಹಮ್ಮದ್ ಸನಾವುಲ್ಲಾ ಅವರನ್ನು ತನ್ನ ರಸಾಯನಜ್ಞರಾಗಿ ನೇಮಿಸಿತ್ತು. ಆ ಸುರಂಗ ಕಲಿಸಿದ ಮೊದಲ ಪಾಠ ಇಷ್ಟು: ವಸ್ತುವನ್ನು ಯಾರೂ ಮುಟ್ಟದಂತೆ ಇಟ್ಟರೆ ಸಾಲದು, ಅದರ ಸುತ್ತಲಿನ ಗಾಳಿ ಎಂಥದು ಎಂದೂ ಕೇಳಬೇಕು. ಎಂಥ ಗಾಳಿ ಕೆಟ್ಟದ್ದು, ಎಷ್ಟು ತೇವ ಅತಿಯಾದದ್ದು ಎಂದು ಅಳೆದು ಹೇಳಲು ಮಾತ್ರ ಇನ್ನೂ ಯಾರಿಗೂ ಆಗಿರಲಿಲ್ಲ.

ಅದನ್ನು ಅಳೆದವರು ಡಬ್ಲ್ಯು. ಎಚ್. ಜೆ. ವರ್ನನ್. ಗಾಳಿಯಲ್ಲಿ ಲೋಹಗಳು ಸವೆಯುವ ಬಗೆಯನ್ನು ಅಧ್ಯಯನ ಮಾಡಲು ಇಂಗ್ಲೆಂಡಿನಲ್ಲಿ ನೇಮಿಸಿದ್ದ ಒಂದು ಸಮಿತಿಗಾಗಿ ಅವರು 1920ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ನನಗೆ ಬಹಳ ಇಷ್ಟ. ಒಂದೇ ಕೋಣೆ, ಒಂದೇ ಗಾಳಿ, ಒಂದೇ ಬಗೆಯ ಕಬ್ಬಿಣ. ಕೆಲವು ತುಂಡುಗಳನ್ನು ಬರಿದೇ ತೂಗುಬಿಟ್ಟರು. ಇನ್ನು ಕೆಲವನ್ನು ತೆಳ್ಳನೆಯ ಮಸ್ಲಿನ್ ಬಟ್ಟೆಯ ಗೂಡಿನೊಳಗೆ ತೂಗುಬಿಟ್ಟರು. ಬರಿದೇ ಇದ್ದವು ತುಕ್ಕು ಹಿಡಿದವು. ಬಟ್ಟೆಯೊಳಗಿನವು ಹೆಚ್ಚುಕಡಿಮೆ ಹಾಗೇ ಉಳಿದವು. ಮಸ್ಲಿನ್ ಗಾಳಿಯನ್ನು ತಡೆಯುವುದಿಲ್ಲ, ನೀರಾವಿಯನ್ನಂತೂ ತಡೆಯುವುದೇ ಇಲ್ಲ. ಅದು ತಡೆದದ್ದು ಧೂಳನ್ನು. ಕಬ್ಬಿಣದ ಮೇಲೆ ಕೂತ ಧೂಳಿನ ಕಣದಲ್ಲಿ ಉಪ್ಪಿನ ಅಂಶವಿದ್ದರೆ ಅದು ಗಾಳಿಯಿಂದ ತೇವ ಎಳೆದುಕೊಂಡು ತನ್ನ ಕೆಳಗೆ ಒಂದು ಸೂಕ್ಷ್ಮ ಹನಿಯನ್ನು ಕಟ್ಟುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ.

1930ರ ದಶಕದಲ್ಲಿ ವರ್ನನ್ ಇನ್ನೂ ಮುಂದೆ ಹೋದರು. ಗಾಜಿನ ಪಾತ್ರೆಯೊಳಗೆ ತಾವೇ ಗಾಳಿಯನ್ನು ಹದಗೊಳಿಸಿ, ಅದಕ್ಕೆ ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡನ್ನು ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು ಬೆರೆಸಿ, ತೇವಾಂಶವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ತೇವಕ್ಕೆ ತಕ್ಕಂತೆ ತುಕ್ಕೂ ಹಂತಹಂತವಾಗಿ ಹೆಚ್ಚುತ್ತದೆ ಎಂದೇ ಯಾರಾದರೂ ಎಣಿಸಿಯಾರು. ಹಾಗಾಗಲಿಲ್ಲ. ಸಾಪೇಕ್ಷ ತೇವಾಂಶ, ಅಂದರೆ ಗಾಳಿ ಆ ಬಿಸಿಯಲ್ಲಿ ಹೊರಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಸುಮಾರು ಶೇ. 60ರ ಒಳಗೆ ಇರುವವರೆಗೆ ಕಬ್ಬಿಣ ಬಹುತೇಕ ಸುಮ್ಮನಿತ್ತು. ಆ ಗೆರೆ ದಾಟಿದ ಕೂಡಲೇ ತುಕ್ಕು ದಿಢೀರನೆ ಏರಿತು. ಗಾಳಿ ಶುದ್ಧವಾಗಿದ್ದರೆ ಮಾತ್ರ ತೇವಾಂಶ ನೂರರ ಹತ್ತಿರ ಹೋದರೂ ಹಾನಿ ಅಲ್ಪ. ಅಂದರೆ ತುಕ್ಕಿಗೆ ಬೇಕಾದದ್ದು ಎರಡು: ಗೆರೆ ಮೀರಿದ ತೇವ, ಮತ್ತು ಆ ತೇವವನ್ನು ಕಬ್ಬಿಣದ ಮೈಗೆ ಅಂಟಿಸುವ ಕೊಳೆ. ಎರಡರಲ್ಲಿ ಒಂದನ್ನು ತಪ್ಪಿಸಿದರೂ ವಸ್ತು ಉಳಿಯುತ್ತದೆ.

ನಮ್ಮ ಅಡುಗೆಮನೆಯಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆ ಇಲ್ಲ, ಅದರ ಬದಲಿಗೆ ಉಪ್ಪಿದೆ. ಶುದ್ಧವಾದ ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ಮುಟ್ಟಿದಾಗ ನೀರೊಡೆಯುತ್ತದೆ. ಕಲ್ಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ. 33ರ ಆಸುಪಾಸಿನಲ್ಲೇ ನೀರು ಹೀರಿ ಕರಗುತ್ತದೆ; ಮಳೆಗಾಲದಲ್ಲಿ ಉಪ್ಪಿನ ಮರಿಗೆ ಒದ್ದೆಯಾಗುವುದು ಇದರಿಂದಲೇ. ಹೀಗಾಗಿ ಉಪ್ಪಿನಕಾಯಿ ಹೆಚ್ಚಿದ ಅಲಗನ್ನು ಬರಿದೇ ಒರೆಸಿ ಇಟ್ಟರೆ ಬಟ್ಟೆ ಮುಟ್ಟದ ಮೂಲೆಯಲ್ಲಿ ಉಪ್ಪು ಉಳಿಯುತ್ತದೆ, ಅಲ್ಲಿ ಅರವತ್ತರ ಗೆರೆಯೂ ಕಾಯುವುದಿಲ್ಲ.

ಈ ಅಂಕಿಗಳನ್ನು ಹಿಡಿದುಕೊಂಡು ಮಲೆನಾಡಿನ ಹಳೆಯ ಅಡುಗೆಮನೆಗೆ ಬಂದರೆ ಒಂದು ಚಂದದ ಲೆಕ್ಕ ಸಿಗುತ್ತದೆ. ಒಲೆಯ ನೇರ ಮೇಲೆ ಅಟ್ಟ. ಆಷಾಢದ ಬೆಳಿಗ್ಗೆ ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ ಶೇ. 90 ಎಂದಿಟ್ಟುಕೊಳ್ಳಿ. ಅದೇ ಗಾಳಿ, ಒಂದು ತೊಟ್ಟು ನೀರನ್ನೂ ಕಳೆದುಕೊಳ್ಳದೆ, ಒಲೆಯ ಬಿಸಿಗೆ 35 ಡಿಗ್ರಿಗೆ ಕಾದರೆ ಅದರ ಸಾಪೇಕ್ಷ ತೇವಾಂಶ ಶೇ. 51ಕ್ಕೆ ಇಳಿಯುತ್ತದೆ. ಬಿಸಿ ಗಾಳಿಗೆ ನೀರಾವಿಯನ್ನು ಹೊತ್ತುಕೊಳ್ಳುವ ಶಕ್ತಿ ಹೆಚ್ಚು. ಅಷ್ಟೇ ನೀರು ಈಗ ಕಡಿಮೆ ಪಾಲಾಗುತ್ತದೆ. ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗಲೇ ಅಟ್ಟದ ಗಾಳಿ ಅರವತ್ತರ ಗೆರೆಯ ಕೆಳಗಿತ್ತು. ಬೀಜದ ಬುಟ್ಟಿ, ಒಣಗಲು ಹಾಕಿದ ಕೊಬ್ಬರಿ, ಬಿದಿರಿನ ಮೊರ, ಕತ್ತಿ, ಕುಡುಗೋಲು ಎಲ್ಲವೂ ಅಲ್ಲಿ ಸೇರುತ್ತಿದ್ದದ್ದು ಸುಮ್ಮನೆ ಅಲ್ಲ. ಸೌದೆಯ ಹೊಗೆಯಲ್ಲಿ ಆಮ್ಲವೂ ಇತ್ತು ನಿಜ, ಆದರೆ ಒಣಗಾಳಿಯಲ್ಲಿ ಅದಕ್ಕೆ ಕಬ್ಬಿಣವನ್ನು ತಿನ್ನಲು ನೀರು ಸಿಗುತ್ತಿರಲಿಲ್ಲ. ಹೊಗೆ ಮರಕ್ಕೆ ಕುಟ್ಟೆ ಹಿಡಿಯದಂತೆಯೂ ನೋಡಿಕೊಳ್ಳುತ್ತಿತ್ತು.

ಗ್ಯಾಸ್ ಒಲೆ ಬಂದದ್ದು ಹೆಂಗಸರ ಕಣ್ಣಿಗೂ ಶ್ವಾಸಕ್ಕೂ ದೊಡ್ಡ ಉಪಕಾರ. ಆ ಹೊಗೆ ಮತ್ತೆ ಬರಲಿ ಎಂದು ಬಯಸಲು ನನ್ನಿಂದಾಗದು. ಆದರೆ ಅಟ್ಟ ಮಾತ್ರ ಆ ದಿನದಿಂದ ತಣ್ಣಗಾಯಿತು. ವಸ್ತುಗಳನ್ನು ಅಲ್ಲೇ ಬಿಟ್ಟೆವು, ಅವನ್ನು ಕಾಪಾಡುತ್ತಿದ್ದ ಬಿಸಿಯನ್ನು ತೆಗೆದೆವು. ಈಳಿಗೆಮಣೆ ಹಾಳಾಗಲು ಶುರುವಾದದ್ದು ಅದನ್ನು ಬಳಸುವುದನ್ನು ಬಿಟ್ಟದ್ದರಿಂದಷ್ಟೇ ಅಲ್ಲ, ಇಡುವ ಜಾಗದ ಹವೆ ಬದಲಾದದ್ದರಿಂದ ಎಂದು ನಾನು ನಂಬಿದ್ದೇನೆ.

ಪ್ಲಾಸ್ಟಿಕ್ ಚೀಲ ಒಳಗೆ ತೇವ ಬಿಡುವುದಿಲ್ಲವಲ್ಲ, ಅದು ಯಾಕೆ ಕಾಪಾಡಲಿಲ್ಲ? ಇದಕ್ಕೆ ಉತ್ತರ ಮರದಲ್ಲಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ 1906ರಲ್ಲಿ, ಅಮೆರಿಕದ ಮ್ಯಾಡಿಸನ್ನಿನ ಅರಣ್ಯ ಉತ್ಪನ್ನ ಪ್ರಯೋಗಾಲಯ 1910ರಲ್ಲಿ ಶುರುವಾದವು. ಮರ ಯಾವ ಹವೆಯಲ್ಲಿ ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂಬ ಕೋಷ್ಟಕಗಳು ಇಂಥ ಸಂಸ್ಥೆಗಳ ತಾಳ್ಮೆಯ ಫಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇದೇ ಪರಂಪರೆಯದು. ಆ ಕೋಷ್ಟಕದ ಪ್ರಕಾರ ಶೇ. 85 ತೇವಾಂಶದ ಗಾಳಿಯಲ್ಲಿ ಮರ ತನ್ನ ಒಣ ತೂಕದ ಸುಮಾರು ಶೇ. 18ರಷ್ಟು ನೀರು ಇಟ್ಟುಕೊಳ್ಳುತ್ತದೆ, ಶೇ. 55ರಲ್ಲಿ ಸುಮಾರು ಶೇ. 10. ಒಣ ತೂಕ ಎರಡು ಕಿಲೋ ಇರುವ ಮಣೆಯನ್ನು ಮಳೆಗಾಲದಲ್ಲಿ ಚೀಲಕ್ಕೆ ಹಾಕಿದರೆ ಅದರೊಳಗೆ ಮುನ್ನೂರ ಅರವತ್ತು ಗ್ರಾಂ ನೀರು ಇರುತ್ತದೆ. ಚೀಲದೊಳಗಿನ ಇಪ್ಪತ್ತು ಲೀಟರ್ ಗಾಳಿ ತುಂಬಿದರೂ ಅರ್ಧ ಗ್ರಾಂ ನೀರಾವಿಯನ್ನಷ್ಟೇ ಹೊರಬಲ್ಲದು. ಆದ್ದರಿಂದ ಚೀಲದ ಒಳಹವೆಯನ್ನು ನಿರ್ಧರಿಸುವುದು ಮಣೆಯೇ. ಆಷಾಢದಲ್ಲಿ ಕಟ್ಟಿದ ಚೀಲದೊಳಗೆ ವೈಶಾಖ ಬಂದರೂ ಆಷಾಢವೇ.

ಇದನ್ನೇ ತಿರುಗಿಸಿ ನೋಡಿದರೆ ಒಂದು ಉಪಾಯ ಸಿಗುತ್ತದೆ. ಮಾಘ, ಫಾಲ್ಗುಣದ ಒಣ ದಿನಗಳಲ್ಲಿ ನೆರಳಿನಲ್ಲಿ ಎರಡು ಮೂರು ವಾರ ಗಾಳಿಯಾಡಲು ಬಿಟ್ಟ ಮಣೆ ತನ್ನ ಹೆಚ್ಚುವರಿ ನೀರನ್ನು ತಾನೇ ಬಿಟ್ಟುಕೊಡುತ್ತದೆ. ಬಿಸಿಲಿಗೆ ಇಡಬಾರದು: ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗು ಹಿಗ್ಗಿಯೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಮರಕ್ಕೆ ತೇವಕ್ಕಿಂತಲೂ ತೇವದ ಏರಿಳಿತ ಕೆಟ್ಟದ್ದು ಎಂಬುದು ಇನ್ನೊಂದು ಯುದ್ಧದಲ್ಲಿ ಮನದಟ್ಟಾಯಿತು. 1941ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ವೇಲ್ಸಿನ ಮನೋಡ್ ಎಂಬಲ್ಲಿನ ಕಲ್ಲುಗಣಿಯೊಳಗೆ, ಒಂದೇ ಹವೆ ಕಾಯ್ದುಕೊಳ್ಳುವ ಇಟ್ಟಿಗೆಯ ಕೋಣೆಗಳಲ್ಲಿ ಇಟ್ಟರು. ಮರದ ಹಲಗೆಯ ಮೇಲೆ ಬರೆದ ಹಳೆಯ ಚಿತ್ರಗಳಿಂದ ಬಣ್ಣ ಎದ್ದು ಬರುವುದು ಅಲ್ಲಿ ಬಹುಮಟ್ಟಿಗೆ ನಿಂತಿತು. ಯುದ್ಧ ಮುಗಿದು ಲಂಡನ್ನಿಗೆ ಮರಳಿದ ಮೇಲೆ ಮತ್ತೆ ಶುರುವಾಯಿತು.

ಇಷ್ಟಾದರೂ ಒಂದು ಸಂಗತಿ ಬಗೆಹರಿಯಲಿಲ್ಲ. ಅಲಗಿನ ಮೈ ಚೆನ್ನಾಗಿದ್ದರೂ ಅದು ಮರದೊಳಗೆ ಇಳಿಯುವ ಬುಡವೇ ಮೊದಲು ಕೊಳೆಯುವುದು ಯಾಕೆ? ಗಾಳಿ ಹೆಚ್ಚು ತಾಗುವ ಕಡೆ ತುಕ್ಕು ಹೆಚ್ಚು ಎಂದು ಅನಿಸುವುದು ಸಹಜ. ನಿಜ ಅದಕ್ಕೆ ತಿರುಗುಮುರುಗು ಎಂದು ತೋರಿಸಿದವರು ಕೇಂಬ್ರಿಡ್ಜಿನ ಯುಲಿಕ್ ಎವಾನ್ಸ್. 1920ರ ದಶಕದ ಆ ಪ್ರಯೋಗವನ್ನು ಇಂದಿಗೂ ಕಾಲೇಜುಗಳಲ್ಲಿ ಮಾಡಿಸುತ್ತಾರೆ. ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡು. ಅದರ ಮೇಲೆ ಉಪ್ಪುನೀರಿನ ಒಂದು ಹನಿ. ಹನಿಯಲ್ಲಿ ಎರಡು ರಾಸಾಯನಿಕ. ಕಬ್ಬಿಣ ಕರಗುವ ಕಡೆ ಒಂದು ನೀಲಿಯಾಗುತ್ತದೆ, ಕ್ಷಾರ ಹುಟ್ಟುವ ಕಡೆ ಇನ್ನೊಂದು ಗುಲಾಬಿಯಾಗುತ್ತದೆ. ನೋಡುತ್ತಿದ್ದಂತೆ ಹನಿಯ ಅಂಚು ಗುಲಾಬಿ, ನಡು ನೀಲಿ. ಎರಡರ ನಡುವೆ ಕಂದು ತುಕ್ಕಿನ ಉಂಗುರ.

ಅಂಚಿನಲ್ಲಿ ಹನಿ ತೆಳು, ಅಲ್ಲಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಇಳಿಯುತ್ತದೆ. ನಡುವಿನಲ್ಲಿ ನೀರು ದಪ್ಪ, ಆಮ್ಲಜನಕ ಕಡಿಮೆ. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ ಕೋಶವಾಗಿ, ಆಮ್ಲಜನಕ ಸಿಗದ ಕಡೆಯ ಕಬ್ಬಿಣ ಕರಗಿ, ಸಿಗುವ ಕಡೆಯದು ಉಳಿಯುತ್ತದೆ. ಈಳಿಗೆಮಣೆಯ ತೂತಿನೊಳಗೆ ಆಗುವುದೂ ಇದೇ. ಅಲಗಿನ ಮೈಗೆ ಗಾಳಿ ಧಾರಾಳ. ತೂತಿನೊಳಗಿನ ಬುಡಕ್ಕೆ ಒದ್ದೆ ಮರ, ಇಂಗಿದ ಹುಳಿ, ಉಪ್ಪು, ಮತ್ತು ಇಲ್ಲವೇ ಇಲ್ಲವೆನ್ನುವಷ್ಟು ಗಾಳಿ. ಕಣ್ಣಿಗೆ ಕಾಣುವ ಲೋಹವನ್ನು ಉಳಿಸಲು ಕಾಣದ ಲೋಹ ಸವೆಯುತ್ತದೆ. ತುಕ್ಕು ತಾನು ನುಂಗಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಮರವನ್ನು ಸೀಳುತ್ತದೆ. ದೆಹಲಿಯ ಹೆಸರಾಂತ ಕಬ್ಬಿಣದ ಕಂಬದಲ್ಲೂ ನೆಲದೊಳಗೆ ಹೂತುಹೋದ ಭಾಗವೇ ಹೆಚ್ಚು ತುಕ್ಕು ಹಿಡಿದದ್ದು. ಮಳೆ ಧಾರಾಕಾರ ಸುರಿಯುವ ನಮ್ಮ ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬವನ್ನು ಕುರಿತು ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬಯಲಿನಲ್ಲಿ ನಿಂತ ಕಬ್ಬಿಣವನ್ನು ಮಳೆ ತೊಳೆಯುತ್ತದೆ, ಗಾಳಿ ಒಣಗಿಸುತ್ತದೆ. ಮರದ ತೂತಿನೊಳಗೆ ಆ ಎರಡೂ ಇಲ್ಲ.

ಮರದ ಮೇಲೆ ಇನ್ನೊಂದು ಆರೋಪವೂ ಇದೆ. 1899ರಲ್ಲಿ ಇಂಗ್ಲೆಂಡಿನ ಲಾಫ್ಟಸ್ ಬೈನ್ ಎಂಬ ಚಿಪ್ಪು ಸಂಗ್ರಾಹಕರು ಒಂದು ಲೇಖನ ಬರೆದರು: ಮರದ ಬೀರುಗಳಲ್ಲಿ ಇಟ್ಟ ಶಂಖ, ಕವಡೆ, ಚಿಪ್ಪುಗಳ ಮೇಲೆ ಬಿಳಿ ಪುಡಿ ಏಳುತ್ತಿದೆ, ಹೊಳಪು ಹೋಗುತ್ತಿದೆ. ಅವರು ಅದರ ಕಾರಣವನ್ನು ಬೇರೆಯೇ ಒಂದು ಆಮ್ಲಕ್ಕೆ ಕಟ್ಟಿದರು. ಆ ಕೇಡಿಗೆ ‘ಬೈನ್ ರೋಗ’ ಎಂಬ ಹೆಸರು ಅಂಟಿಕೊಂಡಿತು. ಅದು ಸೋಂಕಲ್ಲ, ಮರದಿಂದ ಹೊರಡುವ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲಗಳ ಆವಿ ಸುಣ್ಣದ ಚಿಪ್ಪನ್ನು ತಿನ್ನುವುದರ ಫಲ ಎಂಬುದನ್ನು ಟೆನೆಂಟ್ ಮತ್ತು ಬೇರ್ಡ್ ಎಂಬ ಸಂಶೋಧಕರು 1985ರಲ್ಲಿ ಆ ಪುಡಿಯನ್ನೇ ವಿಶ್ಲೇಷಿಸಿ ಖಚಿತಪಡಿಸಿದರು. ಮರದ ನಾರುಗಳ ನಡುವಿನ ಹೆಮಿಸೆಲ್ಯುಲೋಸ್ ತೇವದಲ್ಲಿ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರಿನ ಹುಳಿಯನ್ನು, ಬಿಡುತ್ತಲೇ ಇರುತ್ತದೆ. ಯೂರೋಪಿನ ಓಕ್ ಈ ವಿಷಯದಲ್ಲಿ ಕುಖ್ಯಾತ. ಇಂದಿನ ಪ್ಲೈವುಡ್, ಎಂಡಿಎಫ್ ಹಲಗೆಗಳ ಅಂಟಿನಿಂದಲೂ ಇಂಥ ಆವಿ ಬರುತ್ತದೆ.

ಬಾಗಿಲು ತೆರೆದ ಕೋಣೆಯಲ್ಲಿ ಈ ಆವಿ ಹಾರಿಹೋಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡುತ್ತದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಸೂಚಿಸಿದರು. ಪ್ರದರ್ಶನದ ಪೆಟ್ಟಿಗೆಗೆ ಬಳಸಬೇಕೆಂದಿರುವ ಹಲಗೆ, ಬಟ್ಟೆ, ಅಂಟುಗಳ ಚೂರನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಜತೆಗೆ ಬೆಳ್ಳಿ, ಸೀಸ, ತಾಮ್ರದ ತುಂಡುಗಳನ್ನೂ ಒಂದಿಷ್ಟು ನೀರನ್ನೂ ಇಟ್ಟು, ಮುಚ್ಚಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಬಿಡುವುದು. ಲೋಹ ಕಪ್ಪಾದರೆ, ಪುಡಿ ಎದ್ದರೆ ಆ ವಸ್ತು ಬೇಡ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಇಂದಿಗೂ ಈ ಪರೀಕ್ಷೆ ಮಾಡುತ್ತವೆ. ನಮ್ಮ ಮಟ್ಟಿಗೆ ಅದರ ಅರ್ಥ: ಹಿರಿಯರ ವಸ್ತುವಿಗೆ ಗೌರವದಿಂದ ಚಂದದ ಹೊಸ ಮರದ ಪೆಟ್ಟಿಗೆ ಮಾಡಿಸಿ ಬಿಗಿಯಾಗಿ ಮುಚ್ಚಿಡುವುದು ಕಬ್ಬಿಣಕ್ಕೆ ಒಳಿತಲ್ಲ. ಮಣೆಯೇ ಮರವಾಗಿರುವಾಗ ಅದರ ಆವಿಯನ್ನು ತಪ್ಪಿಸಲಾಗದು, ಕೂಡಿಕೊಳ್ಳದಂತೆ ನೋಡಿಕೊಳ್ಳಬಹುದು.

ಮರ ಕೆಡಿಸುವುದನ್ನಷ್ಟೇ ಹೇಳಿದರೆ ಅನ್ಯಾಯವಾದೀತು. ಗಿಡಮರಗಳ ಒಗರು ಕಬ್ಬಿಣವನ್ನು ಕಾಪಾಡುತ್ತದೆ ಕೂಡ. ಬಾಳೆಕಾಯಿ, ಬಾಳೆಹೂವು ಹೆಚ್ಚಿದಾಗ ಬೆರಳೂ ಅಲಗೂ ಕಪ್ಪಾಗುವುದನ್ನು ಅಡುಗೆ ಮಾಡುವವರೆಲ್ಲ ಬಲ್ಲರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದ ನಮ್ಮ ಹಿರಿಯರೂ ಬಲ್ಲರು. ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಕೂಡಿ ನೀರಲ್ಲಿ ಕರಗದ ನೀಲಿಗಪ್ಪು ಸಂಯುಕ್ತವಾಗುತ್ತದೆ. 1960ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಪೆಲಿಕಾನ್ ಎಂಬ ಸಂರಕ್ಷಣಾ ತಜ್ಞರು ತುಕ್ಕು ಹಿಡಿದ ಹಳೆಯ ಕಬ್ಬಿಣದ ವಸ್ತುಗಳಿಗೆ ಟ್ಯಾನಿನ್ ದ್ರಾವಣ ಹಚ್ಚುವ ವಿಧಾನವನ್ನು ಬೆಳೆಸಿ ಪ್ರಕಟಿಸಿದರು. ಸಡಿಲ ತುಕ್ಕನ್ನು ಕುಂಚದಿಂದ ಉದುರಿಸಿ, ದ್ರಾವಣವನ್ನು ತೆಳುವಾಗಿ ಬಳಿದು ಉಜ್ಜಿ, ಒಣಗಲು ಬಿಟ್ಟು, ಮತ್ತೆ ಬಳಿಯುವುದು. ಕೆಂಪು ತುಕ್ಕಿನ ಪದರವೇ ಕಪ್ಪು ಹೊದಿಕೆಯಾಗಿ ಬದಲಾಗುತ್ತದೆ. ಅಂದರೆ ದಿನವೂ ತರಕಾರಿ ಹೆಚ್ಚುತ್ತಿದ್ದ ಅಲಗಿನ ಕಪ್ಪು ಬಣ್ಣ ಕೊಳೆಯಲ್ಲ, ವರ್ಷಗಟ್ಟಲೆ ಕೂಡಿದ ಕವಚದ ಒಂದು ಪಾಲು. ಹೊಳೆಯಲಿ ಎಂದು ಅದನ್ನು ಮರಳುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡುವುದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಜತೆಗೆ ಅಜ್ಜಿಯ ಕೈ ಸವೆಸಿದ ಅಂಚೂ, ಕಮ್ಮಾರನ ಸುತ್ತಿಗೆಯ ಗುರುತೂ ಹೋಗಿಬಿಡುತ್ತವೆ.

ತುರಿಯುವ ಹಲ್ಲಿಗೆ ಇನ್ನೊಂದು ಕಾವಲಿತ್ತು: ತೆಂಗಿನಕಾಯಿಯ ಜಿಡ್ಡು. ಬಳಕೆಯ ಅಲಗಿಗೆ ಕೊಬ್ಬರಿ ಎಣ್ಣೆ ಸವರಿ ಇಡುವುದು ಸರಿಯಾದ ಪದ್ಧತಿಯೇ, ಏಕೆಂದರೆ ಮರುದಿನ ಅದನ್ನು ಒರೆಸುತ್ತೇವೆ. ವರ್ಷಗಟ್ಟಲೆ ಇಡುವ ವಸ್ತುವಿಗೆ ಅದು ಸಲ್ಲದು. ಕೊಬ್ಬರಿ ಎಣ್ಣೆ ಒಣಗಿ ಪದರ ಕಟ್ಟುವ ಜಾತಿಯದಲ್ಲ. ದಿನ ಕಳೆದಂತೆ ಕಮಟಿ, ಆಮ್ಲ ಬಿಟ್ಟು, ಧೂಳು ಹಿಡಿಯುತ್ತದೆ. ಧೂಳು ಏನು ಮಾಡುತ್ತದೆ ಎಂಬುದು ವರ್ನನ್ ಅವರ ಮಸ್ಲಿನ್ ಪ್ರಯೋಗದಿಂದ ಗೊತ್ತೇ ಇದೆ. ಅಗಸೆ ಎಣ್ಣೆ ಇದಕ್ಕೆ ವಿರುದ್ಧ: ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಮರಕ್ಕೆ ತೆಳುವಾಗಿ ಉಜ್ಜಿದರೆ ತೇವದ ಏರಿಳಿತವನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು. ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಕೂಡಿ ಬೆಂಕಿ ಹತ್ತಿಕೊಂಡ ಉದಾಹರಣೆಗಳು ಬಹಳ. ನೀರಲ್ಲಿ ನೆನೆಸಿ, ಬಿಡಿಸಿ ಒಣಗಿಸಬೇಕು. ಇನ್ನು ಬಳಸುವುದಿಲ್ಲ ಎಂದಾದ ಅಲಗಿಗೆ ವಸ್ತುಸಂಗ್ರಹಾಲಯಗಳು ಹಚ್ಚುವುದು ಪೆಟ್ರೋಲಿಯಂನಿಂದ ಬರುವ ಮೈಕ್ರೊಕ್ರಿಸ್ಟಲೈನ್ ಮೇಣ. ಜೇನುಮೇಣದಲ್ಲಿ ಕಾಲಾಂತರದಲ್ಲಿ ಆಮ್ಲ ಬಿಡುಗಡೆಯಾಗುತ್ತದೆ ಎಂದು ಕಂಡ ಮೇಲೆ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯವೇ ಅದನ್ನು ರೂಪಿಸಿತು.

ಇಷ್ಟೆಲ್ಲ ತಿಳಿದ ಮೇಲೆ ಮಾಡಬೇಕಾದ ಕೆಲಸ ಚಿಕ್ಕದು. ಅಲಗನ್ನು ಬಿಸಿನೀರಿನಲ್ಲಿ ನೆನೆದ ಬಟ್ಟೆಯಿಂದ ಒರೆಸಿ ಉಪ್ಪು ತೆಗೆಯಬೇಕು, ಮರವನ್ನು ನೆನೆಸಬಾರದು. ಬುಡದ ಸಂದಿಯಲ್ಲಿ ಕೂತ ಹಳೆಯ ಹಿಟ್ಟು, ಕೊಳೆಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯಬೇಕು. ಬೆಣೆ ತಾನಾಗಿ ಸಡಿಲವಾಗಿದ್ದರೆ ಅಲಗನ್ನು ಬಿಡಿಸಿ ಬುಡವನ್ನೂ ಒಣಗಿಸಿ ಮೇಣ ಹಚ್ಚಬಹುದು, ಬಿಗಿಯಾಗಿದ್ದರೆ ಬಲವಂತ ಬೇಡ. ಒಗೆದು ಗಂಜಿ ಹೋದ ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿದರೆ ಅದೇ ನಮ್ಮ ಮಸ್ಲಿನ್ ಗೂಡು. ಹಳೆಯ ಪತ್ರಿಕೆಯ ಕಾಗದ ಬೇಡ, ಅದರಲ್ಲೇ ಆಮ್ಲವಿದೆ. ಇಡುವ ಜಾಗ ಹೊರಗೋಡೆಗೆ ತಾಗಿರಬಾರದು, ನೆಲದಿಂದ ಮೇಲಿರಬೇಕು, ಗಾಳಿಯಾಡಬೇಕು. ಮನೆಯ ಒಳಗೋಡೆಯ ಮೇಲಿನ ತೆರೆದ ಹಲಗೆ ಯಾವ ಟ್ರಂಕಿಗಿಂತಲೂ ಲೇಸು.

ಕರಾವಳಿ, ಮಲೆನಾಡಿನಲ್ಲಿ ಇರುವವರಿಗೆ ಮಾತ್ರ ಇಷ್ಟು ಸಾಲದು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯ ಗಾಳಿಯೇ ಗೆರೆ ಮೀರಿರುತ್ತದೆ. ಅವರು ಫಾಲ್ಗುಣದಲ್ಲಿ ಒಣಗಿಸಿದ ಮಣೆಯನ್ನು ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆಗೆ ಮಳೆಗಾಲದ ಮಟ್ಟಿಗೆ ಇಡಬಹುದು. ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳ ಸಂಶೋಧನೆಯಲ್ಲಿ ತೊಡಗಿದ್ದ ಅಮೆರಿಕದ ವಾಲ್ಟರ್ ಪ್ಯಾಟ್ರಿಕ್ 1919ರಲ್ಲಿ ಹಕ್ಕುಪತ್ರ ಪಡೆದ ಆ ಹರಳುಗಳು ಈಗ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಬಳಸಬಹುದು. ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಬಿಟ್ಟು ಕಿತ್ತಳೆ ಬಣ್ಣದ್ದನ್ನು ಕೊಳ್ಳಿ, ಅಡುಗೆಯ ಬಾಣಲೆಯನ್ನೂ ಬಳಸಬೇಡಿ. ಅತಿಯಾಗಿ ಹಾಕಿದರೆ ಮರ ಒಣಗಿ ಸೀಳುತ್ತದೆ. ತೇವಾಂಶ ತೋರಿಸುವ ಸಣ್ಣ ಮೀಟರನ್ನು ಡಬ್ಬದೊಳಗೇ ಇಟ್ಟು, ಮುಳ್ಳು ನಲವತ್ತೈದರಿಂದ ಐವತ್ತೈದರ ನಡುವೆ ನಿಲ್ಲುವಷ್ಟು ಹಾಕಿದರೆ ಸಾಕು. ಮಳೆ ನಿಂತ ಮೇಲೆ ಮುಚ್ಚಳ ತೆಗೆದು ಹೊರಗಿಡಬೇಕು, ಕೂಡಿದ ಹುಳಿ ಆವಿ ಹೋಗಲಿ.

ದೀಪಾವಳಿಗೊಮ್ಮೆ, ಮುಂಗಾರಿಗೆ ಮೊದಲೊಮ್ಮೆ ಬಟ್ಟೆ ಬಿಚ್ಚಿ ನೋಡಬೇಕು. ಅಲಗಿನ ಮೈಯನ್ನಲ್ಲ, ಬುಡವನ್ನು, ಟಾರ್ಚ್ ಹಿಡಿದು. ಬಿಳಿ ಬಟ್ಟೆಯ ಮೇಲೆ ಕಿತ್ತಳೆಗೆಂಪು ಪುಡಿ ಉದುರಿದ್ದರೆ ತುಕ್ಕು ಜೀವಂತವಾಗಿದೆ. ಕಪ್ಪಾಗಿ, ಒರೆಸಿದರೂ ಬಾರದಂತೆ ಕಚ್ಚಿಕೊಂಡಿದ್ದರೆ ಹೆದರಬೇಕಿಲ್ಲ. ಮಣೆಯ ಕೆಳಗೆ ತಿಳಿಬಣ್ಣದ ನುಣ್ಣನೆಯ ಹಿಟ್ಟು ಕಂಡರೆ ಅದು ಕುಟ್ಟೆ ಹುಳ. ಕೈಮೀರಿದ ಸ್ಥಿತಿಯಲ್ಲಿರುವ ವಸ್ತುವಿಗೆ ಮನೆಮದ್ದು ಮಾಡುವ ಬದಲು ಬಲ್ಲವರನ್ನು ಕೇಳುವುದು ಒಳ್ಳೆಯದು. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲೇ ಒಂದು ಪ್ರಾದೇಶಿಕ ಕೇಂದ್ರವಿದೆ.